ಪಾಠ ಯಾವುದಿತ್ತು?

ಪ್ರತಿ ಭಾನುವಾರ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಬೆಟಗೇರಿಯಿಂದ ನಮ್ಮವ್ವನ ಫೋನ್ ಬರುತ್ತದೆ. ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ ಅನ್ನುವುದೆಲ್ಲ ಆಮೇಲೆ. ಮೊದಲ ಪ್ರಶ್ನೆ ಒಂದೇ: "ಪಾಠ ಯಾವುದಿತ್ತು?" ಅಂದರೆ, ಅವತ್ತಿನ ಆರಾಧನೆಯಲ್ಲಿ ಸತ್ಯವೇದದ ಯಾವ ಭಾಗ ಓದಿದರು ಅಂತ. ಅದನ್ನು ಹೇಳಿದ ಮೇಲೆ ಪಾಸ್ಟರ್ ಏನು ಹೇಳಿದರು ಅಂತ ಎರಡು ಮಾತು ಹೇಳಬೇಕು. ಬೆಂಗಳೂರಿಗೆ ಬಂದು 16 ವರ್ಷ ಆಯ್ತು. ಈ ಹಾಜರಿ ಮಾತ್ರ ಇನ್ನೂ ತಪ್ಪಿಲ್ಲ.

2024ರ ಕ್ರಿಸ್‌ಮಸ್ ಬುಧವಾರ ಬಂದಿತ್ತು. ಅವತ್ತೂ ಸರಿಯಾಗಿ ಒಂದು ಗಂಟೆಗೆ ಫೋನ್ ಬಂತು. ನನ್ನ ಒಂದು ಕೈಯಲ್ಲಿ ಸೌಟು.

"ಪಾಠ ಯಾವುದಿತ್ತು?"

"ಲೂಕ ಎರಡು, ಅವ್ವ."

ಯೇಸು ಹುಟ್ಟಿದ ಕಥೆ ಇರುವುದು ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ. ಕ್ರಿಸ್‌ಮಸ್ ದಿನ ಲೂಕ ಎರಡು ಅಂದುಬಿಟ್ಟರೆ ಯಾರೂ ಹಿಡಿಯಲಾರರು ಅಂದುಕೊಂಡಿದ್ದೆ.

"ಪಾಸ್ಟರ್ ಏನ್ ಹೇಳಿದ್ರು?"

ನಾನು ಸುಮ್ಮನಾದೆ. ಹಿಂದೆ ಕುಕ್ಕರ್ ಸೀಟಿ ಹೊಡೆಯಿತು.

"ಹೋಗಿಲ್ಲೇನ್ ನೀ?"

ಹೋಗಿರಲಿಲ್ಲ. ನಾನೊಬ್ಬಳೇ ಅಲ್ಲ, ಮನೆಯಲ್ಲಿ ಯಾರೂ ಹೋಗಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ 48 ಮನೆಗಳಿವೆ, ಕ್ರೈಸ್ತರದು ನಮ್ಮದೊಂದೇ. ನವೆಂಬರ್ ಮುಗಿಯುತ್ತಿದ್ದ ಹಾಗೆ ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಕೇಕ್ ಯಾವಾಗ ಮೇಡಂ?" ಅಂತ ಶುರು ಮಾಡುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಸುಳ್ಳು ಹೇಳಬಾರದು. ಆದರೆ ದೀಪಾವಳಿಗೆ ಯಾರ ಮನೆಯಿಂದ ಎಷ್ಟು ತಟ್ಟೆ ಬಂದವು ಅನ್ನೋ ಲೆಕ್ಕ ನನ್ನ ತಲೆಯಲ್ಲಿ ಕೂತಿರುತ್ತದೆ. ಹಿಂದಿನ ರಾತ್ರಿ ಒಂದೂವರೆ ತನಕ ಕೇಕ್ ಕತ್ತರಿಸಿ ಪ್ಯಾಕ್ ಮಾಡಿದ್ದೆ. ಬೆಳಿಗ್ಗೆ ಎದ್ದರೆ ಗಂಡನ ಆಫೀಸಿನ 11 ಜನಕ್ಕೆ ಅಡುಗೆ. ಮಕ್ಕಳನ್ನು ಅವನು ಚರ್ಚಿಗೆ ಕರೆದುಕೊಂಡು ಹೋಗುವುದು ಅಂತ ಮಾತಾಗಿತ್ತು. ಅವನು ಬಾಡಿಗೆ ಕುರ್ಚಿ ತರೋಕೆ ಹೋದ.

ಅವ್ವ ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬಿರ್ಯಾನಿ ಛಲೋ ಆಗೇತೇನು?" ಅಂತ ಕೇಳಿದಳು. ಬೈದಿದ್ದರೇ ಚೆನ್ನಾಗಿತ್ತು.

ವರ್ಷವಿಡೀ ಅದು ನನ್ನನ್ನು ಕೊರೆಯುತ್ತಿತ್ತು. 2025ರ ನವೆಂಬರಿನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಘೋಷಣೆ ಮಾಡಿದೆ. ಈ ಸಲ ಸಾಂತಾ ಕ್ಲಾಸ್ ಇಲ್ಲ. ಗಿಡ ಇಲ್ಲ. ಆನ್‌ಲೈನಿನಲ್ಲಿ ಗಿಫ್ಟ್ ತರಿಸೋದು ಇಲ್ಲ. ಕೇಕ್ ಇಲ್ಲ. ಈ ಸಲ ನಮ್ಮ ಮನೆಯಲ್ಲಿ ಯೇಸುವಿನ ಹಬ್ಬ.

ಹನ್ನೊಂದು ವರ್ಷದ ಮಗಳು ಚಪಾತಿ ಮುರಿಯುತ್ತಾ ಕೇಳಿದಳು: "ಸರಿ. ಹಾಗಾದ್ರೆ ಏನಿರತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಚರ್ಚ್ ಇರತ್ತೆ ಅಂದೆ. ಅದು ಪ್ರತಿ ವಾರ ಇರತ್ತಲ್ಲ ಅಂದಳು. ಆ ರಾತ್ರಿ ನಾನೇ ಅವ್ವನಿಗೆ ಫೋನ್ ಮಾಡಿದೆ, ಈ ಸಲ ಒಂದು ತಿಂಗಳು ಬಂದು ಇರು ಅಂತ.

ಡಿಸೆಂಬರ್ ಮೊದಲ ವಾರ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದಳು. ಮೂರು ಚೀಲ. ಒಂದರಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಒಂದರಲ್ಲಿ ಬಟ್ಟೆ. ಮೂರನೆಯದರಲ್ಲಿ ಅವಳ ಸತ್ಯವೇದ ಮತ್ತು ಸಂಗೀತ ಪುಸ್ತಕ. ಆ ಸತ್ಯವೇದದ ಬೆನ್ನು ನಾನು ಚಿಕ್ಕವಳಿದ್ದಾಗಲೇ ಕಿತ್ತುಹೋಗಿತ್ತು. ಅವ್ವ ಅದಕ್ಕೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದಾಳೆ. ಹಳೇ ಪದರದ ಮೇಲೆ ಹೊಸ ಪದರ, ಈಗ ಅದು ಕಟ್ಟು ಹಾಕಿಸಿಕೊಂಡ ಕೈಯ ಹಾಗೆ ಕಾಣುತ್ತದೆ. ಅವ್ವ ನರ್ಸ್ ಆಗಿದ್ದವಳು. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ ಅನ್ನೋ ಪ್ರೊಟೆಸ್ಟೆಂಟ್ ಮಿಶನರಿ ಸಂಸ್ಥೆಯವರು ಕಟ್ಟಿದ ಆಸ್ಪತ್ರೆ ಇದೆ, ಊರವರ ಬಾಯಲ್ಲಿ ಇವತ್ತಿಗೂ ಜರ್ಮನ್ ಆಸ್ಪತ್ರೆ. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದಳು. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಡ್ಯೂಟಿ ಬಹಳ ಸಲ ಅವಳೇ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಅದರ ಮೇಲೆ ತುಂಬಾ ಸಿಟ್ಟಿತ್ತು. ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು, ಮುಖ ತೊಳೆದು, ನಮ್ಮನ್ನು ಎಳೆದುಕೊಂಡು ಒಂಬತ್ತರ ಆರಾಧನೆಗೆ ಹೊರಡುತ್ತಿದ್ದಳು. ಪ್ರಸಂಗದ ಹೊತ್ತಿಗೆ ಅವಳ ಕಣ್ಣು ಮುಚ್ಚುತ್ತಿದ್ದವು. ಆದರೂ ಮಧ್ಯಾಹ್ನ ಪಾಠ ಕೇಳಿದರೆ ಹೇಳುತ್ತಿದ್ದಳು, ಅದು ಹೇಗೆ ಅಂತ ಈಗಲೂ ಗೊತ್ತಿಲ್ಲ.

ನನ್ನ ಘೋಷಣೆಯ ಪಟ್ಟಿ ಕೇಳಿ ಅವ್ವ, "ತಗಿಯೂದೆಲ್ಲಾ ಆತು. ಇಡೂದೇನು?" ಅಂದಳು. ಮಗಳು ಕೇಳಿದ್ದೂ ಅದನ್ನೇ ತಾನೇ? ಆಮೇಲೆ ಕ್ಯಾಲೆಂಡರ್ ಮುಂದೆ ಕೂತು ಬೆರಳಲ್ಲಿ ಎಣಿಸಿದಳು. ಲೂಕನ ಎರಡನೇ ಅಧ್ಯಾಯದಲ್ಲಿ ಹುಟ್ಟಿನ ಕಥೆ ಒಂದರಿಂದ 20ನೇ ವಚನದ ತನಕ. ಡಿಸೆಂಬರ್ 5ರಿಂದ 24ಕ್ಕೆ 20 ದಿನ. ದಿನಕ್ಕೊಂದು ವಚನ, ರಾತ್ರಿ ಊಟಕ್ಕೆ ಮುಂಚೆ, ಬಾಯಿಪಾಠ. ವಚನ ಬಂದ ಮೇಲೆ ತಟ್ಟೆ.

ಇಷ್ಟೇನಾ ಅನಿಸಿತು ನನಗೆ. ಸಂಡೆ ಸ್ಕೂಲಿನಲ್ಲಿ ನಾವೂ ಹೀಗೆ ಉರು ಹೊಡೆದವರೇ. ಆದರೆ ದಿನಕ್ಕೆ ಒಂದೇ ವಚನ ಇಟ್ಟುಕೊಂಡರೆ ಏನಾಗುತ್ತದೆ ಅಂದರೆ, ಅದರ ಮೇಲೆ ಮಾತಾಡದೆ ಬೇರೆ ದಾರಿ ಇರುವುದಿಲ್ಲ. ಮೊದಲ ವಚನದಲ್ಲೇ ಆರು ವರ್ಷದ ಮಗ ಮುಗ್ಗರಿಸಿದ. "ಖಾನೇಷುಮಾರಿ" ಅಂದರೇನು? ನಮ್ಮ ಹಳೇ ಅನುವಾದದಲ್ಲಿ ಔಗುಸ್ತ ಚಕ್ರವರ್ತಿ ಮಾಡಿಸುವುದು ಜನಗಣತಿಯಲ್ಲ, ಖಾನೇಷುಮಾರಿ. ಪರ್ಷಿಯನ್ನಿನಿಂದ ಬಂದ ಮಾತು, ಮನೆಗಳನ್ನು ಎಣಿಸುವುದು ಅಂತ. ದಸರಾ ಹೊತ್ತಿಗೆ ಸಮೀಕ್ಷೆಯವರು ಬಂದು ಮನೆಯ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ಅದನ್ನೇ ತೋರಿಸಿದೆವು. "ಮರಿಯಮ್ಮನ ಮನೆಗೂ ಚೀಟಿ ಅಂಟಿಸಿದ್ರಾ?" ಅಂತ ಯೇಸುವಿನ ತಾಯಿಯ ಬಗ್ಗೆ ಕೇಳಿದ. ಇಲ್ಲಪ್ಪ, ಅವರೇ ಊರಿಗೆ ಹೋಗಿ ಬರೆಸಬೇಕಿತ್ತು. "ಬಸ್ಸಲ್ಲಾ?"

ನಜರೇತಿನಿಂದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಅವ್ವ ಅದನ್ನು ತನ್ನ ಲೆಕ್ಕಕ್ಕೆ ತಂದಳು: "ಗದಗಿನಿಂದ ಹುಬ್ಬಳ್ಳಿಗೆ ನಡಕೋತ ಹೋಗಿ, ಮತ್ತ ನಡಕೋತ ಬಂದಂಗ. ತುಂಬಿದ ಬಸುರಿ." ಎಷ್ಟು ಕ್ರಿಸ್‌ಮಸ್ ಕಳೆದಿದ್ದೇನೋ, ಆ ದಾರಿಯನ್ನು ನಾನು ಒಂದು ಸಲವೂ ಅಳೆದಿರಲಿಲ್ಲ. ಕಾರ್ಡುಗಳಲ್ಲಿ ನೋಡಿದ್ದು ಕತ್ತೆಯ ಮೇಲೆ ಆರಾಮಾಗಿ ಕೂತ ಮರಿಯಳನ್ನು. ಮಗಳು ಕತ್ತೆ ಹುಡುಕಿದಳು. ಲೂಕನಲ್ಲಿ ಕತ್ತೆ ಇಲ್ಲ! ಎತ್ತೂ ಇಲ್ಲ. ಮತ್ತಾಯನಲ್ಲೂ ಇಲ್ಲ. ಹುಟ್ಟಿದ ಕಡೆ ಅವೆರಡೂ ಬಂದು ನಿಂತದ್ದು ಯೆಶಾಯನ ಮೊದಲ ಅಧ್ಯಾಯದ ಒಂದು ಮಾತಿನಿಂದ. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೂ ಗೊತ್ತು, ನನ್ನ ಜನಕ್ಕೆ ಗೊತ್ತಿಲ್ಲ ಅನ್ನೋ ಮಾತು ಅದು. ಮಗಳಿಗೆ ಅವತ್ತು ಪತ್ತೇದಾರಿ ಕೆಲಸ ಮಾಡಿದಷ್ಟು ಖುಷಿ.

ಏಳನೇ ವಚನ ಡಿಸೆಂಬರ್ 11ಕ್ಕೆ ಬಂತು. ಆ ರಾತ್ರಿ ಊಟ ಒಂಬತ್ತೂವರೆಗೆ ಆಯಿತು.

ಮೊದಲು ಛತ್ರದ ಜಗಳ. "ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ" ಅನ್ನುವಲ್ಲಿ ಮಗ ನಿಲ್ಲಿಸಿದ. ಅವನಿಗೆ ಗೊತ್ತಿರುವ ಛತ್ರ ಮದುವೆ ಛತ್ರ. "ಅಲ್ಲಿ ಯಾರ ಮದುವೆ ಇತ್ತು? ಊಟ ಕೊಡಲಿಲ್ವಾ?" ನಾವೆಲ್ಲ ನಕ್ಕುಬಿಟ್ಟೆವು, ಅವನಿಗೆ ಅವಮಾನ ಆಯಿತು. ಎರಡೇ ದಿನ ಬಿಟ್ಟು ಭಾನುವಾರದ ಪ್ರಸಂಗದಲ್ಲಿ ನಮ್ಮ ಸಭಾಪಾಲಕರು ಇದೇ ಮಾತು ಎತ್ತಿದರು. ಲೂಕ ಅಲ್ಲಿ ಬಳಸಿರುವ ಗ್ರೀಕ್ ಪದ "ಕತಾಲುಮ". ಅದಕ್ಕೆ ಮನೆಯಲ್ಲಿ ನೆಂಟರಿಗೆ ಇಟ್ಟ ಕೋಣೆ ಅಂತಲೂ ಅರ್ಥ ಇದೆ. ದುಡ್ಡು ಕೊಟ್ಟು ಉಳಿಯುವ ಜಾಗಕ್ಕೆ ಅವನೇ ಮುಂದೆ ಒಳ್ಳೇ ಸಮಾರ್ಯದವನ ಕಥೆಯಲ್ಲಿ ಬೇರೆ ಪದ ಬಳಸಿದ್ದಾನೆ. ಆ ಕಾಲದ ಅಲ್ಲಿನ ಹಳ್ಳಿ ಮನೆಗಳಲ್ಲಿ ಜನ ಮೇಲಿನ ಕಟ್ಟೆಯಲ್ಲಿ, ದನಕರು ಅದೇ ಸೂರಿನ ಕೆಳಗಿನ ಭಾಗದಲ್ಲಿ ಇರುತ್ತಿದ್ದವು ಅಂತಲೂ ಹೇಳಿದರು.

ಅವ್ವ ನನ್ನ ಮೊಣಕೈ ತಿವಿದಳು. "ನಮ್ಮ ಮನಿ!" ಅವಳ ತವರು ರೋಣ ತಾಲ್ಲೂಕಿನ ಒಂದು ಹಳ್ಳಿ. ನಾನೂ ಚಿಕ್ಕವಳಿದ್ದಾಗ ಆ ಮನೆ ನೋಡಿದ್ದೇನೆ. ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ಎತ್ತು ಕಟ್ಟುವ ಜಾಗ. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆಯ ಅಂಚಿಗೇ ಗ್ವಾದಲಿ, ಎತ್ತಿಗೆ ಮೇವು ಹಾಕುವ ತೊಟ್ಟಿ. ನಾವು ಮೇಲೆ ಮಲಗಿದರೆ ಕೆಳಗೆ ಎತ್ತು ರಾತ್ರಿಯೆಲ್ಲ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ನೆಂಟರು ತುಂಬಿದ ಮನೆ, ಪಡಸಾಲೆಯಲ್ಲಿ ಕಾಲಿಡಲು ಜಾಗ ಇಲ್ಲ, ಹೆರಿಗೆ ನೋವು ಬಂದಿದೆ. ಆಗ ಬಸುರಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ? ಅವ್ವನಿಗೆ ಇದರಲ್ಲಿ ಸಂಶಯವೇ ಉಳಿಯಲಿಲ್ಲ. ಸಭೆಯ ಮಧ್ಯೆಯೇ, "ಗಂಡಸರನ್ನ ಹೊರಗ ಹಾಕಿ ಕೆಳಗ ಕರಕೊಂಡು ಹೋಗಿರತಾರ" ಅಂತ ಪಿಸುಗುಟ್ಟಿದಳು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಇನ್ನು 11ರ ರಾತ್ರಿಗೇ ಬರುತ್ತೇನೆ. ನಮ್ಮ ಮನೆಯಲ್ಲಿ ಗೋದಲಿ ಇಡುವುದು, ಅಂದರೆ ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಲ್ಲಿ ಜೋಡಿಸುವುದು, ಗಂಡನ ಕಡೆಯಿಂದ ಬಂದದ್ದು. ಅವರು ಮೈಸೂರು ಕಡೆಯ ಕಥೋಲಿಕರು. ಅವರ ಅಮ್ಮ ಕೊಟ್ಟ ಮಣ್ಣಿನ ಗೊಂಬೆಗಳ ಒಂದು ಡಬ್ಬ ಇದೆ. ನಕ್ಷತ್ರ ನೋಡಿ ಕೂಸನ್ನು ಹುಡುಕಿಕೊಂಡು ಬಂದ ಜ್ಞಾನಿಗಳಲ್ಲಿ ಒಬ್ಬನ ಕೈ ಮುರಿದಿದೆ, ಒಂದು ಕುರಿಗೆ ಕಿವಿ ಇಲ್ಲ. ಪ್ರತಿ ವರ್ಷ ಡಿಸೆಂಬರ್ ಹತ್ತರ ಹೊತ್ತಿಗೆ ಗಂಡ ಐಸ್‌ಕ್ರೀಂ ಡಬ್ಬಗಳಲ್ಲಿ ರಾಗಿ ಬಿತ್ತುತ್ತಾನೆ, ಕ್ರಿಸ್‌ಮಸ್ ಹೊತ್ತಿಗೆ ಗೋದಲಿಯ ಸುತ್ತ ಹಸಿರು ಪೈರು ನಿಲ್ಲಬೇಕು. ಈ ಗೋದಲಿಯ ಪದ್ಧತಿ ಜನಪ್ರಿಯವಾದದ್ದು 1223ರಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಇಟಲಿಯ ಗ್ರೆಚೊದಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆ ತಂದು ನಿಲ್ಲಿಸಿದ ಮೇಲೆ. ನಮ್ಮವ್ವ ಮಾತ್ರ ಹೆಜ್ಜೆ ಹೆಜ್ಜೆಗೂ ಬಾಸೆಲ್ ಮಿಶನ್. ಗೊಂಬೆ ಅಂದರೆ ಅವಳಿಗೆ ಅಷ್ಟಕ್ಕಷ್ಟೇ. ಅಳಿಯ ಏನಂದುಕೊಳ್ಳುತ್ತಾನೋ ಅಂತ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಏಳನೇ ವಚನ ಮುಗಿದ ಮೇಲೆ ಮಗ ಡಬ್ಬದಿಂದ ಬಾಲಯೇಸುವಿನ ಗೊಂಬೆ ತಂದು ಅಜ್ಜಿಯ ಕೈಗೆ ಕೊಟ್ಟ. ನನ್ನ ಹೆಬ್ಬೆರಳಿನಷ್ಟು ಉದ್ದ. ಎಲ್ಲ ಗೋದಲಿಗಳಲ್ಲೂ ಇರುವ ಹಾಗೆ ಎರಡೂ ಕೈ ಅಗಲಿಸಿ, ಸೊಂಟಕ್ಕೊಂದು ತುಂಡು ಬಟ್ಟೆ ಬಿಟ್ಟರೆ ಬರಿಮೈ. ಅವ್ವ ಕನ್ನಡಕ ಏರಿಸಿ ನೋಡಿದಳು.

"ಥಂಡ್ಯಾಗ ಹಸಗೂಸನ್ನ ಹಿಂಗ ಬಿಡತಾರೇನು?"

ಎದ್ದು ಹೋಗಿ ತನ್ನ ಚೀಲದಿಂದ ಗಾಜ್ ಬಟ್ಟೆ ತಂದಳು. ಮಂಡಿನೋವಿಗೆ ಎಣ್ಣೆ ಹಚ್ಚಿ ಸುತ್ತಿಕೊಳ್ಳಲು ಅವಳ ಹತ್ತಿರ ಅದು ಯಾವಾಗಲೂ ಇರುತ್ತದೆ. ಅಂಗೈಯಷ್ಟು ಚೌಕ ಕತ್ತರಿಸಿದಳು. ಮೇಜಿನ ಮೇಲೆ ವಜ್ರದಾಕಾರಕ್ಕೆ ಹಾಸಿದಳು. ಮೇಲಿನ ತುದಿ ಒಳಗೆ ಮಡಿಸಿ, ಆ ಮಡಿಕೆಯ ಮೇಲೆ ಗೊಂಬೆಯ ಕತ್ತು ಬರುವ ಹಾಗೆ ಇಟ್ಟಳು. ಎಡಗಡೆ ತುದಿ ಎದೆಯ ಮೇಲಿಂದ ತಂದು ಬೆನ್ನಿನ ಕೆಳಗೆ ಸೇರಿಸಿದಳು. ಕಾಲಿನ ಕಡೆಯದು ಮೇಲಕ್ಕೆ. ಬಲಗಡೆಯದು ಸುತ್ತಿ ಹಿಂದಕ್ಕೆ. ಅಗಲಿಸಿದ್ದ ಕೈಗಳು ಒಳಗೆ ಹೋಗಲಿಲ್ಲ, ಮಣ್ಣಲ್ವಾ. ಅವುಗಳ ಮೇಲೇ ಬಿಗಿಯಾಗಿ ಸುತ್ತಿ, ಪ್ಲಾಸ್ಟರಿನ ಒಂದು ಚೂರು ಅಂಟಿಸಿದಳು. ಎಲ್ಲಾ ಸೇರಿ ಅರ್ಧ ನಿಮಿಷವೂ ಇಲ್ಲ. ಬೆರಳುಗಳು ತಾವಾಗಿಯೇ ಓಡಾಡುತ್ತಿದ್ದವು, ಕಣ್ಣು ಮೊಮ್ಮಗನ ಮೇಲಿತ್ತು.

"ಕೂಸು ಹುಟ್ಟತಲೇ ಮೊದಲ ಇದು. ಒರಸೂದು, ಸುತ್ತೂದು. ಹೊಟ್ಟ್ಯಾಗ ಬೆಚ್ಚಗಿದ್ದದ್ದು ಹೊರಗ ಬಂದಕೂಡ್ಲೇ ನಡಗತೈತಿ. ಅಲ್ಲಿ ನರ್ಸ್ ಇರಲಿಲ್ಲ. ಯಾರಿದ್ರೋ ಬರದಿಲ್ಲ. ಆಕಿನ ಸುತ್ತಿದಳು ಅಂತ ಬರದೈತಿ, ನೋಡು." ವಚನದ ಮೇಲೆ ಬೆರಳಿಟ್ಟಳು. ಹೆತ್ತಳು, ಸುತ್ತಿದಳು, ಮಲಗಿಸಿದಳು. ಮೂರೂ ಮರಿಯಳೇ. "ಹದಿನೈದೋ ಹದಿನಾರೋ ವರ್ಷದ ಹುಡುಗಿ ಇದ್ದೀತು. ಚೊಚ್ಚಲ ಹೆರಿಗಿ. ತಾನ ಎದ್ದು ಕೂಸನ್ನ ಸುತ್ತ್ಯಾಳ."

ಆಮೇಲೆ ಅವ್ವ ಮಾತಾಡಲಿಲ್ಲ. ಎಷ್ಟು ಹುಡುಗಿಯರು ಅವಳ ಕಣ್ಣ ಮುಂದೆ ಬಂದರೋ. ಮಗಳು ಕೂಡ ಗಪ್‌ಚಿಪ್. ಗಂಡ ಗೊಂಬೆಯನ್ನು ಎತ್ತಿಕೊಂಡು, "ಅಮ್ಮನ ಗೋದಲಿಯಲ್ಲಿ ಇದನ್ನ ಹೀಗೆ ನೋಡೇ ಇರಲಿಲ್ಲ" ಅಂದ. ಅವರ ಮನೆಯ ಪದ್ಧತಿಯಂತೆ 24ರ ರಾತ್ರಿಯ ತನಕ ಗೋದಲಿ ಖಾಲಿ ಇರಬೇಕು. ಸುತ್ತಿದ ಗೊಂಬೆ ಅಷ್ಟು ದಿನ ಅವ್ವನ ಸತ್ಯವೇದದ ಪಕ್ಕ, ಒಂದು ಬೆಂಕಿಪೊಟ್ಟಣದಲ್ಲಿ ಮಲಗಿತ್ತು.

ಎಂಟನೇ ವಚನಕ್ಕೆ ಕುರುಬರು ಬಂದರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ, ಕುರುಬರು ಕಂಬಳಿ ಹೊದ್ದು ರಾತ್ರಿಯೆಲ್ಲ ಅಲ್ಲೇ. ಬೆಂಗಳೂರಿನ ಮಕ್ಕಳಿಗೆ ಯೂಟ್ಯೂಬಿನಲ್ಲಿ ತೋರಿಸಿದೆ.

ಎಲ್ಲಾ ಹೀಗೇ ಚೆನ್ನಾಗಿ ನಡೆಯಿತು ಅಂದುಕೊಳ್ಳಬೇಡಿ. 16, 17 ಎರಡೂ ದಿನ ತಪ್ಪಿತು. ಒಂದು ದಿನ ನನ್ನ ಆಫೀಸು ತಡ, ಇನ್ನೊಂದು ದಿನ ಮಗನಿಗೆ ಜ್ವರ. 18ಕ್ಕೆ ಮೂರು ವಚನ ಒಟ್ಟಿಗೆ, ಅದರಲ್ಲಿ ದೇವದೂತರ ಹಾಡೂ ಒಂದು, ಪಾಪ ಅದು ಗಡಿಬಿಡಿಯಲ್ಲಿ ಹೋಯಿತು. ಹನ್ನೆರಡನೇ ವಚನ ಮಾತ್ರ ಅವ್ವ ಮತ್ತೆ ಹಿಂದೆ ತಿರುಗಿಸಿ ಹೇಳಿಸಿದಳು. ಬಟ್ಟೆಯಲ್ಲಿ ಸುತ್ತಿರುವ ಕೂಸು ಗೋದಲಿಯಲ್ಲಿ ಮಲಗಿರುತ್ತದೆ, ಅದೇ ನಿಮಗೆ ಗುರುತು ಅಂತ ದೂತ ಹೇಳುವುದು ಅಲ್ಲಿ. "ಬಟ್ಟಿ ಎಲ್ಲಾ ಕೂಸಿಗೂ ಸುತ್ತತಾರ. ಅದರಾಗೇನೈತಿ ಗುರುತು? ದನ ಮೇಯೂ ಗ್ವಾದಲ್ಯಾಗ ಮಲಗೇತಿ ನೋಡು, ಅದು ಗುರುತು. ಕುರುಬರಿಗೆ ಹುಡುಕಾಕ ಸಸಾರ ಆತು. ಅರಮನಿ ಅಂದಿದ್ರ ಬಾಗಲದಾಗ ಹೊರಗ ನಿಲ್ಲಸತಿದ್ರು."

ನನ್ನ ನಿಷೇಧದ ಪಟ್ಟಿ ಏನಾಯ್ತು ಅಂತ ಹೇಳಬೇಕು. ಗಿಡ ಬಂತು, ಮಗಳು ಅಟ್ಟದಿಂದ ಇಳಿಸಿದಳು, ನಾನು ನೋಡಿಯೂ ನೋಡದ ಹಾಗಿದ್ದೆ. ನಕ್ಷತ್ರ ಮೊದಲೇ ಬಾಲ್ಕನಿಯಲ್ಲಿ ನೇತಾಡುತ್ತಿತ್ತು. ಅಪಾರ್ಟ್‌ಮೆಂಟಿನ ಪಾರ್ಟಿಗೆ ಮೂರನೇ ಮಹಡಿಯ ಅಂಕಲ್ ಸಾಂತಾ ಆಗಿ ಬಂದರು. ನಾನು ಮುಖ ಗಂಟು ಹಾಕಿಕೊಂಡು ನಿಂತಿದ್ದರೆ, ಅವ್ವ ಹೋಗಿ ಅವರಿಗೆ ಕುರ್ಚಿ ಕೊಟ್ಟು, ಗಡ್ಡ ತೆಗೆಸಿ, ಒಂದು ಲೋಟ ಮಜ್ಜಿಗೆ ಕುಡಿಸಿದಳು. "ಆ ಹತ್ತಿ ಗಡ್ಡದಾಗ ಎಷ್ಟ್ ಬೆವತಾರ ನೋಡು." ಕೇಕಿನದು ಮಾತ್ರ ಗಟ್ಟಿಯಾಗಿ ಹಿಡಿದೆ. ಈ ಸಲ ತಟ್ಟೆ ಹಂಚುವುದು 27ಕ್ಕೆ, ಶನಿವಾರ ಅಂತ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಹಾಕಿದೆ. ಆಕಾಶ ಬೀಳಲಿಲ್ಲ. ಅವ್ವನ ಕೈಯ ಶೇಂಗಾ ಹೋಳಿಗೆ, ಕರ್ಚಿಕಾಯಿ, ಚಕ್ಕಲಿ ಕೊಟ್ಟೆವು. ಒಬ್ಬರು "ಕೇಕ್ ಇಲ್ವಾ?" ಅಂದರು. ನಾನು ಸೋತು ಬೇಕರಿಯಿಂದ ಎರಡು ಕೆಜಿ ಪ್ಲಂ ಕೇಕ್ ತಂದೆ. ಊಟಕ್ಕೆ ಕರೆದಿದ್ದ ಆಫೀಸಿನವರನ್ನೂ ಅದೇ ಶನಿವಾರಕ್ಕೆ ತಳ್ಳಿದೆವು.

24ರ ರಾತ್ರಿ ದೀಪ ಆರಿಸಿ, ಒಂದು ಮೇಣದಬತ್ತಿ ಹಚ್ಚಿ 20 ವಚನ ಹೇಳಿದೆವು. ಮಗಳು ಒಂದೂ ತಪ್ಪಲಿಲ್ಲ. ಮಗ ಎರಡನೇ ವಚನದಲ್ಲಿ ಬರುವ ಅಧಿಪತಿ ಕುರೇನ್ಯನ ಹತ್ತಿರ ಸಿಕ್ಕಿಕೊಂಡ, ಅವನು ಯಾರು ಅಂತ ಅವನಿಗೆ ಕೊನೇ ತನಕ ಗೊತ್ತಾಗಲಿಲ್ಲ. ಗಂಡ 14ರ ಹತ್ತಿರ ಮರೆತ. ನಾನು 19ರಲ್ಲಿ. ಮರಿಯಳು ಆ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಆಲೋಚಿಸುತ್ತಿದ್ದಳು ಅನ್ನೋ ವಚನ ಅದು. ಮರೆಯೋಕೆ ನನಗೆ ಅದೇ ಸಿಗಬೇಕಿತ್ತಾ! ಮಗ ಬೆಂಕಿಪೊಟ್ಟಣ ತೆರೆದು, ಎರಡೂ ಕೈಯಲ್ಲಿ ಹಿಡಿದು, ರಾಗಿ ಪೈರಿನ ನಡುವೆ ಗೊಂಬೆ ಇಟ್ಟ. "ಮೆಲ್ಲಗ. ಕುತಗಿ ಹಿಡಿ" ಅಂದಳು ಅವ್ವ. ಗೊಂಬೆ ಕಂಡರೆ ಆಗದವಳು!

25ರ ಬೆಳಿಗ್ಗೆ ಉಪ್ಪಿಟ್ಟು ತಿಂದು ಎಂಟೂವರೆಯ ಆರಾಧನೆಗೆ ಹೋದೆವು. ಐದೂ ಜನ ಒಂದೇ ಸಾಲಿನಲ್ಲಿ. ನಿಜ ಹೇಳಬೇಕೆಂದರೆ, ಪ್ರಾರ್ಥನೆಯ ಮಧ್ಯೆ ಎರಡು ಸಲ ಫ್ರಿಜ್ಜಿನಲ್ಲಿದ್ದ ಮಟನ್ ನೆನಪಾಯಿತು. ಪಾಠ ಓದಲು ಎದ್ದವರು "ಲೂಕನು ಬರೆದ ಸುವಾರ್ತೆ, ಎರಡನೇ ಅಧ್ಯಾಯ" ಅಂದಾಗ ಮಗ ನನ್ನ ಸೀರೆ ಎಳೆದ. ಓದುವವರಿಗಿಂತ ಒಂದು ಪದ ಮುಂದೆ ಅವನ ತುಟಿ ಓಡುತ್ತಿತ್ತು. ಖಾನೇಷುಮಾರಿ ಬಂದಾಗ ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟ.

ಅವ್ವ ವರ್ಷದ ಕೊನೆಗೆ ಊರಿಗೆ ಹೋದಳು. ಜನವರಿ 4, ಭಾನುವಾರ. ಈ ಸಲ ಒಂದು ಗಂಟೆ ತನಕ ಕಾಯಲಿಲ್ಲ, ಚರ್ಚಿನಿಂದ ಬರುತ್ತಾ ಕಾರಿನಲ್ಲೇ ನಾನೇ ಫೋನ್ ಮಾಡಿದೆ.

"ಅವ್ವ, ಇವತ್ತು ಪಾಠ ಮತ್ತಾಯ ಎರಡು. ಜ್ಞಾನಿಗಳು ಬಂದದ್ದು."

"ಹೂಂ. ಎಷ್ಟ್ ಮಂದಿ ಬಂದಿದ್ರು?"

"ಮೂರು."

ಆ ಕಡೆ ಮೌನ. ಹಿಂದಿನ ಸೀಟಿನಲ್ಲಿ ಮಗಳು ಆಗಲೇ ಸತ್ಯವೇದ ತೆಗೆದು ಬೆರಳಾಡಿಸುತ್ತಿದ್ದಳು. "ಅಮ್ಮಾ, ಇಲ್ಲಿ ಮೂರು ಅಂತ ಬರೆದೇ ಇಲ್ಲ" ಅಂದಳು.

"ಮನಿಗೆ ಹೋಗಿ ಓದು," ಅವ್ವ ಅಂದಳು. "ಆಮ್ಯಾಲೆ ಫೋನ್ ಹಚ್ಚು."